ಉಳಿದ ತುತ್ತು ಎಲ್ಲಿಗೆ ಹೋಯಿತು?



ಒಂದು ಸದ್ದಿನಿಂದ ಶುರುಮಾಡುತ್ತೇನೆ. ತಗಡಿನ ಡಬ್ಬಿಯೊಂದರ ಮುಚ್ಚಳ ತೆಗೆಯುವ ಸದ್ದು. ಮುಚ್ಚಳ ಬಹಳ ಬಿಗಿ. ಅಂಚಿಗೆ ಚಮಚದ ಹಿಡಿ ಕೊಟ್ಟು ಮೀಟಬೇಕು. ಟಪ್ ಎಂದು ತೆರೆದುಕೊಳ್ಳುತ್ತದೆ. ಆಮೇಲೆ ಒಂದು ಹಿಡಿ ಕುಚ್ಚಲಕ್ಕಿ ಒಳಗೆ ಬೀಳುವ ಸದ್ದು. ಡಬ್ಬಿ ಖಾಲಿಯಿದ್ದರೆ ಜೋರು. ತಗಡಿನ ಮಾಡಿಗೆ ಮೊದಲ ಮಳೆಹನಿ ಬಿದ್ದ ಹಾಗೆ. ತುಂಬುತ್ತ ಬಂದಂತೆ ಸದ್ದು ಮೆತ್ತಗಾಗುತ್ತದೆ. ಕೊನೆಕೊನೆಗೆ ಅಕ್ಕಿಯ ಮೇಲೆ ಅಕ್ಕಿ ಜಾರುವ ಸಣ್ಣ ಸರಸರ ಮಾತ್ರ.

ಮಂಗಳೂರಿನ ನಮ್ಮ ಮನೆಯಲ್ಲಿ ಈ ಸದ್ದು ದಿನಕ್ಕೆ ಎರಡು ಸಲ ಕೇಳುತ್ತಿತ್ತು. ಅಜ್ಜಿ ಅನ್ನಕ್ಕೆ ಅಕ್ಕಿ ಅಳೆದು, ಅದರಿಂದ ಒಂದು ಹಿಡಿ ತೆಗೆದು ಆ ಡಬ್ಬಿಗೆ ಹಾಕುತ್ತಿದ್ದರು. ಹಾಕುವಾಗ ಅವರ ತುಟಿ ಅಲ್ಲಾಡುತ್ತಿತ್ತು. ಅದು ಪ್ರಾರ್ಥನೆ. ತಿಂಗಳ ಕೊನೆಯ ಭಾನುವಾರ ಆ ಅಕ್ಕಿ ಚರ್ಚಿಗೆ ಹೋಗುತ್ತಿತ್ತು. ಅಲ್ಲಿಂದ ಇಲ್ಲದವರ ಮನೆಗೆ.

ಶುಕ್ರವಾರದ ಲೆಕ್ಕ ಬೇರೆ. ಶುಕ್ರವಾರ ಅಜ್ಜಿ ಮಧ್ಯಾಹ್ನದ ಊಟ ಬಿಡುತ್ತಿದ್ದರು. ಅವತ್ತು ಡಬ್ಬಿಗೆ ಬೀಳುತ್ತಿದ್ದುದು ಒಂದು ಹಿಡಿಯಲ್ಲ, ಮೂರು ಹಿಡಿ. ಅವರು ತಾವೇ ಉಣ್ಣಬೇಕಾಗಿದ್ದ ಅನ್ನದಷ್ಟು ಅಕ್ಕಿ. ಅದಕ್ಕಿಂತ ಕಡಿಮೆ ಹಾಕಿದ್ದನ್ನು ನಾನು ನೋಡಿಲ್ಲ.

ಕ್ರೈಸ್ತ ಜೀವನದಲ್ಲಿ ಉಪವಾಸ ಮತ್ತು ಪ್ರಾರ್ಥನೆಯ ಬಗ್ಗೆ ಮಾತನಾಡಬೇಕು ಎಂದು ಆಕಾಶವಾಣಿಯವರು ಕೇಳಿದಾಗ ನನಗೆ ಮೊದಲು ನೆನಪಾದದ್ದು ಈ ಡಬ್ಬಿ. ಆದ್ದರಿಂದ ಇವತ್ತು ಒಂದೇ ಪ್ರಶ್ನೆ ಹಿಡಿದು ಮಾತನಾಡುತ್ತೇನೆ. ಉಪವಾಸದ ದಿನ ನಾವು ಊಟ ಬಿಡುತ್ತೇವೆ. ಸರಿ. ಬಿಟ್ಟ ಆ ತುತ್ತು ಎಲ್ಲಿಗೆ ಹೋಯಿತು?

ಮೊದಲು ಈಗ ನಡೆಯುತ್ತಿರುವ ಕಾಲದ ಬಗ್ಗೆ ಎರಡು ಮಾತು. ಎರಡು ವಾರದ ಹಿಂದೆ ಬೂದಿ ಬುಧವಾರ ಬಂತು. ವಿಭೂತಿ ಬುಧವಾರ ಎನ್ನುವವರೂ ಇದ್ದಾರೆ. ಕಳೆದ ವರ್ಷ ಗರಿಗಳ ಭಾನುವಾರದಂದು ಹಿಡಿದು ನಡೆದ ಗರಿಗಳನ್ನು ಮನೆಯಲ್ಲಿ ದೇವರ ಪಟದ ಹಿಂದೆ ಸಿಕ್ಕಿಸಿರುತ್ತಾರೆ. ವರ್ಷವಿಡೀ ಒಣಗಿದ ಆ ಗರಿಗಳನ್ನು ಚರ್ಚಿಗೆ ತಂದು ಸುಡುತ್ತಾರೆ. ಆ ಬೂದಿಯನ್ನೇ ಹಣೆಗೆ ಹಚ್ಚುತ್ತಾರೆ. ಕಳೆದ ವರ್ಷದ ಜಯಘೋಷ ಈ ವರ್ಷದ ಬೂದಿ. ಅಲ್ಲಿಂದ ಈಸ್ಟರ್ ಹಬ್ಬದವರೆಗೆ ತಪಸ್ಸುಕಾಲ. ಎಣಿಸಿದರೆ 46 ದಿನ ಬರುತ್ತದೆ. ನಡುವಿನ 6 ಭಾನುವಾರ ಕಳೆಯಬೇಕು. ಭಾನುವಾರ ಯೇಸು ಎದ್ದ ದಿನ, ಅಂದು ಉಪವಾಸವಿಲ್ಲ. ಉಳಿದದ್ದು 40. ಯೇಸು ಸ್ವಾಮಿ ಅರಣ್ಯದಲ್ಲಿ ಕಳೆದ 40 ದಿನಗಳ ನೆನಪು ಅದು.

ಆ ಅರಣ್ಯದ ಕಥೆಯಲ್ಲಿ ಒಂದು ಸೂಕ್ಷ್ಮವಿದೆ. ನಲವತ್ತು ದಿನದ ಮೇಲೆ ಯೇಸುವಿಗೆ ಹಸಿವಾಯಿತು. ಸೈತಾನ ಬಂದು ಕಲ್ಲುಗಳನ್ನು ತೋರಿಸಿದ, ಇವನ್ನು ರೊಟ್ಟಿ ಮಾಡಿಕೋ ಎಂದ. ಯೇಸು ಒಪ್ಪಲಿಲ್ಲ. ಈ ಭಾಗ ಎಲ್ಲರಿಗೂ ಗೊತ್ತು. ಆದರೆ ಮುಂದೆ ಅದೇ ಯೇಸು ಹಸಿದ ಸಾವಿರಾರು ಜನರ ನಡುವೆ ನಿಲ್ಲುತ್ತಾರೆ. ಐದು ರೊಟ್ಟಿ, ಎರಡು ಮೀನು. ಆಗ ಹಿಂದೆಮುಂದೆ ನೋಡಲಿಲ್ಲ. ಎಲ್ಲರನ್ನೂ ಹುಲ್ಲಿನ ಮೇಲೆ ಕೂರಿಸಿ ಹೊಟ್ಟೆತುಂಬ ಉಣ್ಣಿಸಿದರು. ತಮ್ಮ ಹಸಿವಿಗೆ ರೊಟ್ಟಿ ಮಾಡಿಕೊಳ್ಳದವರು ಬೇರೆಯವರ ಹಸಿವಿಗೆ ರೊಟ್ಟಿ ಕೊಟ್ಟರು. ಈ ಎರಡು ಘಟನೆಗಳನ್ನು ಬಿಡಿಬಿಡಿಯಾಗಿ ಓದಿದರೆ ಉಪವಾಸ ಅರ್ಥವಾಗುವುದಿಲ್ಲ ಎಂದು ನನಗೆ ಅನಿಸುತ್ತದೆ. ಪಕ್ಕಪಕ್ಕದಲ್ಲಿಟ್ಟು ಓದಬೇಕು.

ಬೆಟ್ಟದ ಮೇಲಿನ ಪ್ರಸಂಗದಲ್ಲೂ ಹಾಗೆಯೇ. ಮತ್ತಾಯನ ಸುವಾರ್ತೆಯ 6ನೆಯ ಅಧ್ಯಾಯ. ಅಲ್ಲಿ ಯೇಸು ಮೂರು ಸಂಗತಿ ಒಂದರ ಹಿಂದೆ ಒಂದು ಹೇಳುತ್ತಾರೆ. ಮೊದಲು ದಾನ. ಆಮೇಲೆ ಪ್ರಾರ್ಥನೆ. ಆಮೇಲೆ ಉಪವಾಸ. ಮೂರಕ್ಕೂ ಒಂದೇ ಷರತ್ತು, ಜನ ನೋಡಲಿ ಎಂದು ಮಾಡಬಾರದು. ಉಪವಾಸದ ದಿನ ಮುಖ ಬಾಡಿಸಿಕೊಂಡು ತಿರುಗಬೇಡಿ, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಿ ಎಂಬುದು ಅವರ ಮಾತಿನ ತಾತ್ಪರ್ಯ. ನಮ್ಮ ಅಜ್ಜಿ ಇದನ್ನು ಅಕ್ಷರಶಃ ಪಾಲಿಸುತ್ತಿದ್ದರು. ಶುಕ್ರವಾರ ಬೆಳಿಗ್ಗೆ ತಲೆಗೆ ತೆಂಗಿನೆಣ್ಣೆ, ಜಡೆಗೆ ಅಬ್ಬಲಿಗೆ ಹೂ. ಹೊಸಬರು ನೋಡಿದರೆ ಮದುವೆ ಮನೆಗೆ ಹೊರಟಿದ್ದಾರೆ ಅನ್ನಬೇಕು.

ಇಲ್ಲಿಯವರೆಗೆ ಹೇಳಿದ್ದು ಯೇಸುವಿನ ಉಪವಾಸ. ತನಗಾಗಿ ರೊಟ್ಟಿ ಬೇಡ, ಬೇರೆಯವರಿಗೆ ಬೇಕು ಎಂಬ ಉಪವಾಸ. ಯೇಸುವಿನ ಕಾಲದ ನಂತರ ಬಂದ ಮೊದಲ ಕ್ರೈಸ್ತರು ಇದನ್ನು ಹೇಗೆ ಅರ್ಥಮಾಡಿಕೊಂಡರು? ಈ ಭಾಗ ನನಗೆ ಬಹಳ ಪ್ರಿಯ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ದಿದಾಖೆ ಎಂಬ ಪುಟ್ಟ ಪುಸ್ತಕವಿದೆ. ಗ್ರೀಕ್ ಭಾಷೆಯದು. ಆ ಮಾತಿಗೆ ಬೋಧನೆ ಎಂದರ್ಥ. ಸತ್ಯವೇದದಲ್ಲಿ ಸೇರಿಲ್ಲ, ಆದರೆ ಹೆಚ್ಚುಕಡಿಮೆ ಹೊಸ ಒಡಂಬಡಿಕೆಯಷ್ಟೇ ಹಳೆಯದು. ನೂರಾರು ವರ್ಷ ಕಳೆದುಹೋಗಿತ್ತು. 1873ರಲ್ಲಿ ಕಾನ್‌ಸ್ಟಾಂಟಿನೋಪಲ್ ನಗರದ ಒಂದು ಗ್ರಂಥಾಲಯದಲ್ಲಿ ಸಿಕ್ಕಿತು. ಕ್ರೈಸ್ತರು ಬುಧವಾರ ಮತ್ತು ಶುಕ್ರವಾರ ಉಪವಾಸವಿರಬೇಕು ಎಂದು ಅದು ಹೇಳುತ್ತದೆ. ಅದೇ ಅಧ್ಯಾಯದಲ್ಲಿ, ಯೇಸು ಕಲಿಸಿದ ಪ್ರಾರ್ಥನೆಯನ್ನು ದಿನಕ್ಕೆ ಮೂರು ಬಾರಿ ಹೇಳಿ ಎನ್ನುತ್ತದೆ. ಉಪವಾಸ, ಪ್ರಾರ್ಥನೆ ಅಲ್ಲಿ ಒಂದೇ ಉಸಿರಿನ ಮಾತು. ಇನ್ನೂ ಒಂದು ಸಂಗತಿ ಅದರಲ್ಲಿದೆ. ನಿಮಗೆ ಹಿಂಸೆ ಕೊಡುವವರಿಗಾಗಿ ಉಪವಾಸವಿರಿ ಎನ್ನುತ್ತದೆ ಆ ಪುಸ್ತಕ. ಹಿಂಸೆ ಕೊಡುವವರ ವಿರುದ್ಧ ಅಲ್ಲ, ಅವರ ಒಳಿತಿಗಾಗಿ.

ಆಮೇಲೆ ಹೆರ್ಮ. ಈತ ರೋಮ್ ನಗರದಲ್ಲಿದ್ದವನು. ಮೊದಲು ಗುಲಾಮನಾಗಿ ಮಾರಾಟವಾದವನು. ಸುಮಾರು 1900 ವರ್ಷದ ಹಿಂದಿನ ಮಾತು. ಅವನು ಬರೆದ ಪುಸ್ತಕದಲ್ಲಿ ಒಂದು ದೃಶ್ಯ ಬರುತ್ತದೆ. ಹೆರ್ಮ ಒಂದು ಬೆಟ್ಟದ ಮೇಲೆ ಉಪವಾಸ ಕುಳಿತಿದ್ದಾನೆ. ಕುರುಬನ ವೇಷದ ದೇವದೂತ ಬಂದು ಪಕ್ಕದಲ್ಲಿ ಕೂರುತ್ತಾನೆ. ಇಷ್ಟು ಬೆಳಿಗ್ಗೆ ಇಲ್ಲೇಕೆ ಬಂದೆ ಎಂದು ಕೇಳುತ್ತಾನೆ. ಉಪವಾಸ ಮಾಡುತ್ತಿದ್ದೇನೆ ಎಂದು ಹೆರ್ಮ ಹೇಳುತ್ತಾನೆ. ದೇವರಿಗೆ ಸಲ್ಲುವ ಉಪವಾಸ ಹೇಗೆಂದು ನಿನಗೆ ಗೊತ್ತಿಲ್ಲ ಎಂದುಬಿಡುತ್ತಾನೆ ಆ ಕುರುಬ.

ಮತ್ತೆ ಹೇಗೆ? ಕುರುಬ ವಿವರಿಸುತ್ತಾನೆ. ಮೊದಲು ಕೆಟ್ಟ ಮಾತು, ಕೆಟ್ಟ ಆಸೆ ಬಿಡು. ಆಮೇಲೆ ಉಪವಾಸದ ದಿನ ಬರೀ ರೊಟ್ಟಿ, ನೀರು ತೆಗೆದುಕೋ. ಅಂದು ನೀನು ತಿನ್ನಬೇಕಾಗಿದ್ದ ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತು, ಲೆಕ್ಕ ಹಾಕು. ಅಷ್ಟು ಹಣ ಎತ್ತಿಡು. ವಿಧವೆಗೋ ತಬ್ಬಲಿಗೋ ಇಲ್ಲದವನಿಗೋ ಕೊಡು. ಪಡೆದವನು ಹೊಟ್ಟೆ ತುಂಬಿ ನಿನಗಾಗಿ ಪ್ರಾರ್ಥಿಸಲಿ.

ಕೇಳುಗರೇ, ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಅಜ್ಜಿ ಹೆರ್ಮನ ಹೆಸರು ಕೇಳಿದವರಲ್ಲ. ಅವರ ಹತ್ತಿರ ಇದ್ದದ್ದು ಸತ್ಯವೇದ ಮತ್ತು ಗೀತೆಗಳ ಪುಸ್ತಕ, ಎರಡೇ. ಆದರೆ ಅವರ ಮೂರು ಹಿಡಿ ಅಕ್ಕಿಯ ಲೆಕ್ಕ ಇದೇ ಲೆಕ್ಕ.

ಹೆರ್ಮನ ಕಾಲದಲ್ಲೇ ಇದ್ದ ಇನ್ನೊಬ್ಬ ಅರಿಸ್ತೀದ. ಅಥೆನ್ಸ್ ನಗರದ ತತ್ತ್ವಜ್ಞಾನಿ. ಕ್ರೈಸ್ತರು ಎಂಥವರು ಎಂದು ರೋಮಿನ ಚಕ್ರವರ್ತಿಗೆ ವಿವರಿಸಿ ಒಂದು ಮನವಿ ಬರೆದ. ಅದೂ ಕಳೆದುಹೋಗಿತ್ತು. ಅದರ ಸಿರಿಯಾಕ್ ಅನುವಾದ 1889ರಲ್ಲಿ ಸಿನಾಯ್ ಬೆಟ್ಟದ ಮಠದಲ್ಲಿ ಸಿಕ್ಕಿತು. ಅದರಲ್ಲಿ ಅವನು ಹೇಳುವ ಸಂಗತಿ ಇದು. ಇವರ ನಡುವೆ ಯಾರಾದರೂ ಬಡವನಿದ್ದರೆ, ಕೊಡಲು ಇವರ ಮನೆಯಲ್ಲೂ ಹೆಚ್ಚಿನದು ಇಲ್ಲದಿದ್ದರೆ, ಇವರು ಎರಡು ಮೂರು ದಿನ ಉಪವಾಸವಿದ್ದು ಉಳಿದ ಆಹಾರ ಅವನಿಗೆ ಕೊಡುತ್ತಾರೆ.

ಗಮನಿಸಿ. ಇದು ಉಳ್ಳವರ ಉಪವಾಸವಲ್ಲ. ಬಡವರು ಬಡವರಿಗಾಗಿ ಮಾಡಿದ ಉಪವಾಸ. ಕಪಾಟಿನಲ್ಲಿ ಅಕ್ಕಿ ಇಟ್ಟುಕೊಂಡು ಊಟ ಬಿಟ್ಟದ್ದಲ್ಲ. ಇದ್ದ ಒಂದು ರೊಟ್ಟಿ ಕೊಟ್ಟದ್ದರಿಂದ ಊಟವಿಲ್ಲದೆ ಉಳಿದದ್ದು.

ನಮ್ಮ ದೇಶದಲ್ಲೇ ಇದಕ್ಕೆ ಹತ್ತಿರದ ಒಂದು ಪದ್ಧತಿ ಜೀವಂತವಾಗಿದೆ. ಈಶಾನ್ಯದ ಮಿಜೋರಾಂನಲ್ಲಿ. ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಮನೆಗಳಲ್ಲಿ ಅನ್ನ ಮಾಡುವಾಗಲೆಲ್ಲ ಒಂದು ಹಿಡಿ ಅಕ್ಕಿ ದೇವರ ಕೆಲಸಕ್ಕೆ ತೆಗೆದಿಡುತ್ತಾರೆ. 1910ರ ಸುಮಾರಿಗೆ ಶುರುವಾಯಿತು. ನೂರು ವರ್ಷಕ್ಕೂ ಮೀರಿ ನಡೆದುಬಂದಿದೆ. ಇದು ಕಟ್ಟುನಿಟ್ಟಿನ ಉಪವಾಸವಲ್ಲ, ನಿಜ. ಆದರೆ ಪಾತ್ರೆಯಿಂದ ಒಂದು ಹಿಡಿ ಹೊರಗೆ ಬರುವ ಆ ಕ್ಷಣ ಒಂದೇ.

ಈಗ ಹೇಳಿದ್ದು ಕೊಡುವ ಉಪವಾಸದ ಮಾತು. ಬಿಟ್ಟ ತುತ್ತು ಇನ್ನೊಬ್ಬರ ತಟ್ಟೆಗೆ ಹೋಗಬೇಕು ಎಂಬ ಮಾತು. ಕೊಡದ ಉಪವಾಸದ ಗತಿ ಏನು? ಇದಕ್ಕೆ ಉತ್ತರ ಹಳೆಯ ಒಡಂಬಡಿಕೆಯಲ್ಲೇ ಇದೆ. ಪ್ರವಾದಿ ಯೆಶಾಯನ ಗ್ರಂಥದ 58ನೆಯ ಅಧ್ಯಾಯ.

ಅಲ್ಲಿ ಜನ ದೇವರಿಗೆ ದೂರು ಕೊಡುತ್ತಾರೆ. ನಾವು ಉಪವಾಸ ಮಾಡಿದೆವು, ನೀನು ನೋಡಲೇ ಇಲ್ಲವಲ್ಲ ಎಂದು. ದೇವರ ಉತ್ತರ ಕಟುವಾಗಿದೆ. ಉಪವಾಸದ ದಿನವೇ ನೀವು ವ್ಯಾಪಾರ ನೋಡಿಕೊಳ್ಳುತ್ತೀರಿ. ಅಂದೇ ಆಳುಗಳಿಂದ ದುಡಿಸಿಕೊಳ್ಳುತ್ತೀರಿ. ಅಂದೇ ಜಗಳ, ಅಂದೇ ಗುದ್ದಾಟ. ಗೋಣಿತಟ್ಟು ಹಾಸಿ ತಲೆ ಬಗ್ಗಿಸಿದರೆ ಅದು ಉಪವಾಸವೇ? ಅನ್ಯಾಯದ ಕಟ್ಟು ಬಿಚ್ಚುವುದು, ಹಸಿದವನೊಡನೆ ಅನ್ನ ಹಂಚುವುದು, ಮನೆಯಿಲ್ಲದವನನ್ನು ಒಳಗೆ ಕರೆಯುವುದು, ಇದು ನನಗೆ ಇಷ್ಟವಾದ ಉಪವಾಸ. ಯೆಹೂದಿಗಳಿಗೆ ವರ್ಷದ ಬಹುದೊಡ್ಡ ಉಪವಾಸದ ದಿನ ಪ್ರಾಯಶ್ಚಿತ್ತದ ದಿನ. ಅಂದು ಅವರ ಸಭಾಮಂದಿರಗಳಲ್ಲಿ ಓದುವುದು ಇದೇ ಅಧ್ಯಾಯ. ಎಲ್ಲರೂ ಹಸಿದು ಕುಳಿತಿರುವ ಹೊತ್ತಿನಲ್ಲಿ ಈ ಮಾತು ಕಿವಿಗೆ ಬೀಳಬೇಕೆಂದು ಯಾರೋ ತಿಳಿದವರು ಗೊತ್ತುಮಾಡಿದ್ದಾರೆ.

ನನ್ನ ಮಟ್ಟಿಗೆ ಈ ಅಧ್ಯಾಯ ಅರ್ಥವಾದದ್ದು ಪುಸ್ತಕದಿಂದಲ್ಲ. ನಮ್ಮ ಮನೆಯ ಗೇಟಿನ ಹತ್ತಿರ.

ಆಗ ನನಗೆ ಹದಿನಾರು ವರ್ಷ. ಶುಭ ಶುಕ್ರವಾರ. ಆ ದಿನ ಊರಿಗೆ ಬೇರೆಯದೇ ಒಂದು ಮೌನ ಇರುತ್ತದೆ. ಕಥೋಲಿಕ ಇಗರ್ಜಿಗಳಲ್ಲಿ ಗುರುವಾರ ರಾತ್ರಿಯಿಂದ ಗಂಟೆ ಬಾರಿಸುವುದಿಲ್ಲ. ಗಂಟೆಯ ಬದಲು ಮರದ ಹಲಗೆಗೆ ಮರ ಬಡಿಯುವ ಒಣ ಸದ್ದು. ಕಟಕಟ, ಕಟಕಟ. ನಮ್ಮ ಚರ್ಚಿನಲ್ಲಿ ಹನ್ನೆರಡರಿಂದ ಮೂರರವರೆಗೆ ಆರಾಧನೆ. ಶಿಲುಬೆಯ ಮೇಲಿನ ಏಳು ಮಾತುಗಳ ಧ್ಯಾನ. ಬೆಳಿಗ್ಗೆಯಿಂದ ನೀರು ಬಿಟ್ಟು ಏನೂ ತೆಗೆದುಕೊಂಡಿರಲಿಲ್ಲ. ಏಪ್ರಿಲ್ ಬಿಸಿಲಿನಲ್ಲಿ ಮನೆಗೆ ನಡೆದುಬಂದಾಗ ತಲೆ ಗಿರ್ರೆನ್ನುತ್ತಿತ್ತು. ಮನಸ್ಸಿನಲ್ಲಿ ಒಂದು ಹೆಮ್ಮೆಯೂ ಇತ್ತು. ಮೊದಲ ಸಲ ಪೂರ್ತಿ ಉಪವಾಸ ಮಾಡಿದ್ದೆ.

ಗೇಟಿನಲ್ಲಿ ಬುಟ್ಟಿ ಮಾರುವ ಹೆಂಗಸು ನಿಂತಿದ್ದಳು. ಸೊಂಟದಲ್ಲಿ ಮಗು. ಬುಟ್ಟಿ ಬೇಕಾ ಎಂದು ಕೇಳಲಿಲ್ಲ. ಏನಾದರೂ ತಿನ್ನಲು ಇದೆಯಾ ಎಂದು ಕೇಳಿದಳು. ನಾನು ಹೇಳಿದೆ, "ಇವತ್ತು ನಮಗೆ ಉಪವಾಸ. ಒಲೆ ಹಚ್ಚಿಲ್ಲ. ನಾಳೆ ಬಾ."

ಒಳಗಿನಿಂದ ಅಜ್ಜಿಯ ದನಿ ಬಂತು. "ಮಗಾ, ಉಪವಾಸ ಇರುವುದು ನೀನು. ಅವಳಿಗೆಂತಕ್ಕೆ ಉಪವಾಸ?"

ಅಜ್ಜಿ ಎದ್ದು ಹೊರಗೆ ಬಂದರು. ಅವಳನ್ನು ಜಗಲಿಯ ಮೇಲೆ ಕೂರಿಸಿದರು. ಮಗುವಿಗೆ ಒಂದು ಬಾಳೆಹಣ್ಣು ಸುಲಿದು ಕೊಟ್ಟರು. ಆಮೇಲೆ ಅಡುಗೆಮನೆಗೆ ಹೋದರು. ಟಪ್ ಎಂದು ಆ ಡಬ್ಬಿಯ ಸದ್ದು ಕೇಳಿತು. ಅಕ್ಕಿ ಹಾಕುವ ಸದ್ದಲ್ಲ ಈ ಸಲ, ಅಕ್ಕಿ ತೆಗೆಯುವ ಸದ್ದು. ಚರ್ಚಿಗೆ ಹೋಗಬೇಕಾದ ಅಕ್ಕಿಯಲ್ಲವೇ ಎಂದು ನಾನು ಕೇಳಿದೆ. ಅಜ್ಜಿ ಹೇಳಿದರು, "ಇದು ಅವಳದ್ದೇ ಅಕ್ಕಿ. ಅವಳೇ ಬಂದು ತೆಗೆದುಕೊಂಡಳು, ಅಷ್ಟೇ."

ಕುಚ್ಚಲಕ್ಕಿ ಬೇಯಲು ಒಂದು ಗಂಟೆಯ ಹತ್ತಿರ ಬೇಕು. ಅಷ್ಟು ಹೊತ್ತೂ ಅಜ್ಜಿ ಅವಳ ಪಕ್ಕ ಜಗಲಿಯಲ್ಲೇ ಕುಳಿತಿದ್ದರು. ಯಾವ ಊರು, ಮಗು ಹುಟ್ಟಿ ಎಷ್ಟು ತಿಂಗಳಾಯಿತು, ಬೆತ್ತ ಎಲ್ಲಿಂದ ತರುತ್ತೀರಿ ಎಂದು ಮಾತನಾಡುತ್ತ. ಗಂಜಿ ಆದ ಮೇಲೆ ತೆಂಗಿನಕಾಯಿ ಚಟ್ನಿ, ಮಾವಿನಮಿಡಿ ಉಪ್ಪಿನಕಾಯಿ. ಅವಳು ಉಂಡಳು. ಗಂಜಿಯ ಹಬೆ ನನ್ನ ಮೂಗಿಗೆ ಬಡಿಯುತ್ತಿತ್ತು. ಅಜ್ಜಿ ನನ್ನನ್ನು ಬೈಯಲಿಲ್ಲ. ಮತ್ತೆ ಯಾವತ್ತೂ ಅದರ ಮಾತೆತ್ತಲಿಲ್ಲ. ಆದರೆ ಅಂದಿನ ನನ್ನ ಉಪವಾಸ ಗೇಟಿನ ಹತ್ತಿರವೇ ಮುಗಿದುಹೋಗಿತ್ತು ಎಂದು ನನಗೆ ಗೊತ್ತು.

ಯೆಶಾಯನ ಮಾತು, ಗೇಟಿನ ಹತ್ತಿರದ ಮಾತು ಎರಡೂ ಒಂದೇ. ನಮ್ಮ ಉಪವಾಸ ಇನ್ನೊಬ್ಬರ ಮೇಲೆ ಹೇರುವ ಹಸಿವಾಗಬಾರದು. ಈ ಸೂಕ್ಷ್ಮ ಬಹಳ ಚೆನ್ನಾಗಿ ಗೊತ್ತಿದ್ದವರು ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು. ಅವರ ಕಡೆಗೆ ಸ್ವಲ್ಪ ಹೋಗೋಣ.

ನಾಲ್ಕನೆಯ ಶತಮಾನದ ಕೊನೆ. ಕಾಸಿಯನ್ ಎಂಬ ಯುವ ಸನ್ಯಾಸಿ ಗೆಳೆಯನ ಜೊತೆ ಈಜಿಪ್ಟಿಗೆ ಹೋದ. ಆ ಮರುಭೂಮಿಯ ಹಿರಿಯರ ಕಠಿಣ ಉಪವಾಸದ ಹೆಸರು ದೂರದವರೆಗೆ ಹಬ್ಬಿತ್ತು. ಅಲ್ಲಿ ನೋಡಿದರೆ ಒಬ್ಬ ಹಿರಿಯ ಇವರನ್ನು ಕಂಡ ಕೂಡಲೇ ಊಟಕ್ಕೆ ಕೂರಿಸಿದ. ತಾನೂ ಜೊತೆಗೆ ಕುಳಿತು ಉಂಡ. ಉಪವಾಸದ ನಿಯಮ ಏಕೆ ಮುರಿದಿರಿ ಎಂದು ಇವರು ಕೇಳಿದರು. ಉಪವಾಸ ಯಾವಾಗಲೂ ನನ್ನ ಜೊತೆಗೇ ಇರುತ್ತದೆ, ನೀವು ಹಾಗಲ್ಲ, ಹೊರಟುಹೋಗುತ್ತೀರಿ ಎಂಬರ್ಥದ ಮಾತು ಹೇಳಿದ ಆ ಹಿರಿಯ. ನಿಮ್ಮಲ್ಲಿ ಬಂದವನು ಕ್ರಿಸ್ತ, ಅವನಿಗೆ ಉಣ್ಣಿಸಬೇಕು ಎಂದ. ಇನ್ನೊಬ್ಬ ಹಿರಿಯ ಒಂದೇ ದಿನ ಬಂದವರಿಗಾಗಿ ಆರು ಸಲ ಎಲೆ ಹಾಕಿ, ಪ್ರತಿ ಸಲವೂ ಅವರ ಜೊತೆ ಕುಳಿತು ಒಂದಿಷ್ಟು ತಿಂದು, ಆದರೂ ಹಸಿದೇ ಎದ್ದಿದ್ದನಂತೆ. ಅದೂ ಒಂದು ಉಪವಾಸವೇ. ಹೊರಗಿನವರಿಗೆ ಗೊತ್ತೇ ಆಗದ ಉಪವಾಸ.

ಇದೇ ಹೊತ್ತಿಗೆ ಅಂತಿಯೋಕ್ಯ ನಗರದಲ್ಲಿ ಬೇರೊಂದು ಘಟನೆ ನಡೆಯುತ್ತಿತ್ತು. ಅಂತಿಯೋಕ್ಯದ ಹೆಸರು ಸತ್ಯವೇದ ಓದುವವರಿಗೆ ಗೊತ್ತು. ಅಲ್ಲಿನ ಸಭೆ ಉಪವಾಸವಿದ್ದು ಪ್ರಾರ್ಥಿಸುತ್ತಿದ್ದಾಗಲೇ ಬಾರ್ನಬ ಮತ್ತು ಸೌಲರನ್ನು ಸುವಾರ್ತೆ ಸಾರಲು ಕಳಿಸಿತು. ಆ ಸೌಲನೇ ಪೌಲ. ಈಗ ಹೇಳುವುದು ಅದಾದ 300 ವರ್ಷದ ಮೇಲಿನ ಕಥೆ. 387ನೆಯ ವರ್ಷ. ಹೊಸ ತೆರಿಗೆ ಬಂತೆಂದು ಜನ ರೊಚ್ಚಿಗೆದ್ದರು. ಚಕ್ರವರ್ತಿ ಮತ್ತು ಅವನ ಕುಟುಂಬದವರ ಪ್ರತಿಮೆಗಳನ್ನು ಉರುಳಿಸಿದರು. ಸಿಟ್ಟು ಇಳಿದ ಮೇಲೆ ಭಯ ಹುಟ್ಟಿತು. ಊರನ್ನೇ ಸುಟ್ಟುಬಿಡುತ್ತಾರೆ ಎಂಬ ಭಯ. ಮುದಿ ಬಿಷಪರು ಕ್ಷಮೆ ಬೇಡಲು ದೂರದ ರಾಜಧಾನಿಗೆ ಹೊರಟರು. ಊರಿನಲ್ಲಿ ಉಳಿದ ಗುರು ಯೋಹಾನ. ಮುಂದೆ ಜನ ಅವರನ್ನು ಕ್ರಿಸೊಸ್ತೊಮ ಎಂದು ಕರೆದರು. ಹಾಗೆಂದರೆ ಬಂಗಾರದ ಬಾಯಿಯವನು.

ಅದು ಇದೇ ತಪಸ್ಸುಕಾಲ. ಹೆದರಿದ ಜನ ಚರ್ಚಿನಲ್ಲಿ ಕಿಕ್ಕಿರಿದಿದ್ದರು. ಎಲ್ಲರೂ ಉಪವಾಸ. ಯೋಹಾನರು ಅವರಿಗೆ ಸಿಹಿ ಮಾತು ಹೇಳಲಿಲ್ಲ. ಬಾಯಿ ಒಂದೇ ಉಪವಾಸವಿದ್ದರೆ ಸಾಲದು, ಕಣ್ಣು, ಕಿವಿ, ಕೈ, ಕಾಲು ಎಲ್ಲವೂ ಉಪವಾಸವಿರಬೇಕು ಎಂದರು. ಕೋಳಿ, ಮೀನು ಬಿಟ್ಟು ಅಣ್ಣತಮ್ಮಂದಿರನ್ನೇ ಕಚ್ಚಿ ತಿನ್ನುವವರಿಗೆ ಉಪವಾಸದಿಂದ ಏನು ಬಂತು ಎಂದು ಕೇಳಿದರು. ಈಸ್ಟರ್ ಹೊತ್ತಿಗೆ ಕ್ಷಮಾದಾನದ ಸುದ್ದಿ ಬಂತು. ಊರು ಉಳಿಯಿತು. ಆದರೆ ಯೋಹಾನರ ಆ ಪ್ರಶ್ನೆಯೂ ಉಳಿಯಿತು. ಹಸಿದಾಗ ಸಿಟ್ಟು ಬೇಗ ಬರುತ್ತದೆ. ಇದು ಎಲ್ಲರ ಮನೆಯ ಅನುಭವ. ಉಪವಾಸದ ದಿನ ಮಕ್ಕಳಿಗೆ ಗದರುವುದು, ಕೆಲಸದವಳ ಮೇಲೆ ರೇಗುವುದು ಎಲ್ಲರಿಗೂ ಗೊತ್ತಿರುವ ಸಂಗತಿ.

ಹಾಗಾದರೆ ಹಸಿವು ಪ್ರಾರ್ಥನೆಗೆ ಏನು ಮಾಡುತ್ತದೆ? ಈವರೆಗೆ ಕೊಡುವುದರ ಬಗ್ಗೆ ಹೇಳಿದೆ, ಸಿಟ್ಟಿನ ಬಗ್ಗೆ ಹೇಳಿದೆ. ಪ್ರಾರ್ಥನೆಯ ಬಗ್ಗೆ ಇನ್ನೂ ಹೇಳಿಲ್ಲ.

ಉಪವಾಸದ ದಿನ ಬೆಳಿಗ್ಗೆ ಹತ್ತರವರೆಗೆ ಏನೂ ಅನಿಸುವುದಿಲ್ಲ. ಹನ್ನೊಂದೂವರೆಗೆ ಪಕ್ಕದ ಮನೆಯಲ್ಲಿ ಸಾಸಿವೆ ಸಿಡಿಯುವ ಸದ್ದು. ಒಗ್ಗರಣೆಯ ಪರಿಮಳ. ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದವಳ ಮನಸ್ಸು ಸೀದಾ ಸಾರಿನ ಪಾತ್ರೆಗೆ ಹೋಗುತ್ತದೆ. ಮೊದಮೊದಲು ಇದರಿಂದ ನನಗೆ ನಾಚಿಕೆಯಾಗುತ್ತಿತ್ತು. ಈಗ ಆಗುವುದಿಲ್ಲ. ಹಸಿವಾದಾಗಲೆಲ್ಲ ಅದು ನನ್ನನ್ನು ಪ್ರಾರ್ಥನೆಗೆ ಕರೆಯುತ್ತದೆ ಎಂದುಕೊಳ್ಳುತ್ತೇನೆ. ಗಂಟೆಯಿಲ್ಲದ ದಿನ ಮರದ ಹಲಗೆ ಕರೆದ ಹಾಗೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲಿ ಅನ್ನ ಕೇಳುವ ಮಾತು ಇದೆಯಲ್ಲ, ಅಲ್ಲಿ ನನ್ನ ಅನ್ನ ಎಂದಿಲ್ಲ, ನಮ್ಮದು ಎಂದಿದೆ. ಹೊಟ್ಟೆ ತುಂಬಿದ್ದಾಗ ಅದು ಬಾಯಿಪಾಠ. ಹಸಿದಾಗ ಮಾತ್ರ ಆ "ನಮ್ಮ" ಯಾರ್ಯಾರು ಎಂದು ಯೋಚನೆ ಬರುತ್ತದೆ. ಬುಟ್ಟಿ ಮಾರುವ ಆ ತಾಯಿಯ ಮುಖ ಕಣ್ಣೆದುರು ನಿಲ್ಲುತ್ತದೆ. ಉಪವಾಸ ಎಂದರೆ ಹತ್ತಿರ ವಾಸ ಮಾಡುವುದು ಎಂದು ನೀವು ಕೇಳಿರುತ್ತೀರಿ. ದೇವರ ಹತ್ತಿರ ಎನ್ನುತ್ತಾರೆ. ಹಸಿದವರ ಹತ್ತಿರವೂ ಹೌದು ಎಂದು ನಾನು ಸೇರಿಸುತ್ತೇನೆ. ಏಕಾದಶಿ ಮಾಡುವ ಮನೆಯವರಿಗೂ ರೋಜಾ ಹಿಡಿಯುವ ಮನೆಯವರಿಗೂ ಇದು ಹೊಸ ಮಾತಾಗಲಾರದು.

ಇನ್ನು ಉಪವಾಸದ ನಿಯಮಗಳ ಬಗ್ಗೆ ಚಿಕ್ಕದಾಗಿ. ಇವು ಕಾಲಕಾಲಕ್ಕೆ ಬದಲಾಗಿವೆ. ಇಥಿಯೋಪಿಯದ ಹಳೆಯ ಸಭೆಯಲ್ಲಿ ಇವತ್ತಿಗೂ ವರ್ಷದ ಅರ್ಧದಷ್ಟು ದಿನ ಉಪವಾಸದ ದಿನಗಳು. ಮಾಂಸ, ಹಾಲು, ಮೊಟ್ಟೆ ಮುಟ್ಟುವುದಿಲ್ಲ. ಕೇರಳದ ಸಂತ ತೋಮರ ಕ್ರೈಸ್ತರು ನಿನೆವೆ ಪಟ್ಟಣದವರ ಉಪವಾಸದ ನೆನಪಿಗೆ ಮೂರು ದಿನದ ನೋಂಬು ಹಿಡಿಯುತ್ತಾರೆ. ಕಥೋಲಿಕ ಸಭೆ 1966ರಿಂದ ಕಡ್ಡಾಯ ಉಪವಾಸವನ್ನು ಎರಡು ದಿನಕ್ಕೆ ಇಳಿಸಿದೆ, ಬೂದಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18ರಿಂದ 59 ವರ್ಷದವರಿಗೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1522ರ ತಪಸ್ಸುಕಾಲದಲ್ಲಿ ಒಬ್ಬ ಮುದ್ರಕನ ಮನೆಯಲ್ಲಿ ಮಾಂಸ ತಿಂದದ್ದೇ ದೊಡ್ಡ ವಿವಾದವಾಯಿತು. ಉಪವಾಸ ಕಾನೂನಾಗಬಾರದು, ಮನಸ್ಸಿನಿಂದ ಬರಬೇಕು ಎಂದು ಸುಧಾರಕ ಜ್ವಿಂಗ್ಲಿ ವಾದಿಸಿದರು. ಮೆಥೊಡಿಸ್ಟರ ಮೂಲಪುರುಷ ಜಾನ್ ವೆಸ್ಲಿ ವಾರ ವಾರ ಮಧ್ಯಾಹ್ನ ಮೂರರವರೆಗೆ ಉಪವಾಸವಿರುತ್ತಿದ್ದರು. ಇಷ್ಟು ಸಾಕು. ನಿಯಮ ಎಷ್ಟೇ ಬದಲಾಗಲಿ, ನಮ್ಮ ಪ್ರಶ್ನೆ ಬದಲಾಗುವುದಿಲ್ಲ.

ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ. ಇದನ್ನು ದಯವಿಟ್ಟು ಗಮನವಿಟ್ಟು ಕೇಳಿ. ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು, ಬಸುರಿಯರು, ಬಾಣಂತಿಯರು, ಮಕ್ಕಳು, ತೀರ ವಯಸ್ಸಾದವರು ಉಪವಾಸ ಮಾಡಬೇಕೆಂದು ನಮ್ಮ ಯಾವ ಸಭೆಯೂ ಒತ್ತಾಯಿಸುವುದಿಲ್ಲ. ಅವರು ಊಟ ಮಾಡಿ ಪ್ರಾರ್ಥಿಸಲಿ. 2023ರಲ್ಲಿ ಕೆನ್ಯಾ ದೇಶದ ಶಕಾಹೋಲ ಎಂಬ ಕಾಡಿನಲ್ಲಿ 400ಕ್ಕೂ ಹೆಚ್ಚು ಶವಗಳು ಸಿಕ್ಕವು. ಹಸಿದು ಸತ್ತರೆ ಯೇಸುವನ್ನು ಕಾಣಬಹುದು ಎಂಬ ಬೋಧನೆ ನಂಬಿದವರು. ಅವರಲ್ಲಿ ಮಕ್ಕಳೂ ಇದ್ದರು. ಐದು ಸಾವಿರ ಜನರಿಗೆ ಉಣ್ಣಿಸಿದವನ ಹೆಸರಿನಲ್ಲಿ ಮಕ್ಕಳನ್ನು ಹಸಿವಿನಿಂದ ಸಾಯಿಸಿದ್ದನ್ನು ನೆನೆದರೆ ನನ್ನ ಗಂಟಲು ಕಟ್ಟುತ್ತದೆ. ಅದು ಉಪವಾಸವಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ಚಿಕ್ಕದು, ಆದರೆ ಎಲ್ಲೆಡೆ ಇರುವಂಥದ್ದು. ಉಪವಾಸ ಮಾಡಿದರೆ ದೇವರು ಒಪ್ಪಲೇಬೇಕು ಎಂಬ ಎಣಿಕೆ. ಇಂಥ ಎಣಿಕೆಗೆ ಆಧಾರವೆನಿಸುವ ಹಾಗೆ ಮಾರ್ಕನ ಸುವಾರ್ತೆಯಲ್ಲಿ, ಈ ಬಗೆಯ ದೆವ್ವ ಪ್ರಾರ್ಥನೆಯಿಂದಲೇ ಹೊರತು ಹೋಗದು ಎಂದು ಯೇಸು ಹೇಳುವ ಜಾಗವಿದೆ. ಬಹಳಷ್ಟು ಪ್ರತಿಗಳಲ್ಲಿ ಅಲ್ಲಿ ಉಪವಾಸದ ಮಾತೂ ಸೇರಿದೆ. ಆದರೆ ತೀರ ಹಳೆಯ ಕೆಲವು ಕೈಬರಹದ ಪ್ರತಿಗಳಲ್ಲಿ ಅದಿಲ್ಲ. ದಾವೀದ ರಾಜನ ಕಥೆಯನ್ನೂ ನೆನೆಯಿರಿ. ಕೂಸು ಕಾಯಿಲೆ ಬಿದ್ದಾಗ ಅವನು ಏಳು ದಿನ ನೆಲದ ಮೇಲೆ ಬಿದ್ದು ಉಪವಾಸವಿದ್ದ. ಕೂಸು ಉಳಿಯಲಿಲ್ಲ. ಸುದ್ದಿ ಹೇಳಲು ಸೇವಕರು ಹೆದರಿದರು. ದಾವೀದ ಎದ್ದ, ಸ್ನಾನ ಮಾಡಿದ, ಬಟ್ಟೆ ಬದಲಿಸಿದ, ದೇವರ ಮನೆಗೆ ಹೋಗಿ ಅಡ್ಡಬಿದ್ದ. ಆಮೇಲೆ ಮನೆಗೆ ಬಂದು ಊಟ ಮಾಡಿದ. ಕೇಳಿದ್ದು ಸಿಗಲಿಲ್ಲ. ಆದರೂ ಅವನು ಹೋದದ್ದು ದೇವರ ಮನೆಗೇ.

ಮಗಳ ಮದುವೆ, ಮಗನ ಕೆಲಸ, ಆಸ್ಪತ್ರೆಯ ಬಿಲ್ಲು, ಇವಕ್ಕಾಗಿ ಉಪವಾಸವಿದ್ದು ಅಳುವ ತಾಯಂದಿರು ನನ್ನ ಸುತ್ತ ಎಷ್ಟೋ ಜನ ಇದ್ದಾರೆ. ಅವರ ಕಣ್ಣೀರನ್ನು ಹಗುರ ಮಾಡಲು ನಾನು ಈ ಮಾತು ಹೇಳುತ್ತಿಲ್ಲ. ಕೇಳಿ, ಖಂಡಿತ ಕೇಳಿ. ಆದರೆ ಹಸಿವನ್ನು ದೇವರ ಮುಂದೆ ಇಡುವ ಬೆಲೆಯೆಂದು ಎಣಿಸಬೇಡಿ.

ಈಗ ಕೊನೆಯದಾಗಿ ನಾನು ಹೋಗುವ ಒಂದು ಕೂಟದ ಬಗ್ಗೆ ಹೇಳುತ್ತೇನೆ. ಶುಕ್ರವಾರದ ಉಪವಾಸ ಪ್ರಾರ್ಥನೆ. ಕರ್ನಾಟಕದ ಅನೇಕ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಇದು ನಡೆಯುತ್ತದೆ. ಬೆಳಿಗ್ಗೆ ಹತ್ತೂವರೆಗೆ ಶುರು. ಮೂರಕ್ಕೆ ಮುಗಿಯುತ್ತದೆ. ನಮ್ಮಲ್ಲಿ ಸುಮಾರು 25 ಜನ, ಹೆಚ್ಚಿನವರು ಹೆಂಗಸರು. ಬೀಡಿ ಕಟ್ಟುವವರು, ಟೀಚರುಗಳು, ಮನೆಗೆಲಸದವರು, ನಿವೃತ್ತ ನರ್ಸ್ ಒಬ್ಬರು. ಗೀತೆ, ಸತ್ಯವೇದ ಪಾಠ, ಮೌನ. ಆಮೇಲೆ ಒಂದು ನೋಟ್‌ಬುಕ್ ತೆಗೆಯುತ್ತಾರೆ. ಅದರಲ್ಲಿ ಹೆಸರುಗಳು. ಡಯಾಲಿಸಿಸ್‌ಗೆ ಹೋಗುವವರು, ಗಲ್ಫಿನಲ್ಲಿ ಕೆಲಸ ಕಳೆದುಕೊಂಡವರು, ಮನೆ ಬಿಟ್ಟು ಹೋದ ಮಕ್ಕಳು. ಒಂದೊಂದು ಹೆಸರಿಗೂ ಒಬ್ಬೊಬ್ಬರು ಪ್ರಾರ್ಥಿಸುತ್ತಾರೆ. ಹೆಸರು ಬಿಟ್ಟುಹೋಗದಂತೆ ನರ್ಸಮ್ಮ ಪೆನ್ಸಿಲಿನಿಂದ ಗುರುತು ಹಾಕುತ್ತಾರೆ.

ಕೆಲವು ವರ್ಷದ ಹಿಂದೆ ಅಲ್ಲಿ ಬೀಡಿ ಕಟ್ಟುವ ಅಕ್ಕ ಒಬ್ಬರು ಒಂದು ಮಾತು ಕೇಳಿದರು. ನಾವು 25 ಜನ ಮಧ್ಯಾಹ್ನ ಉಣ್ಣುವುದಿಲ್ಲ, ಆ 25 ಊಟ ಎಲ್ಲಿದೆ ಎಂದು. ಯಾರ ಹತ್ತಿರವೂ ಉತ್ತರವಿರಲಿಲ್ಲ. ಮುಂದಿನ ಶುಕ್ರವಾರದಿಂದ ಎಲ್ಲರೂ ತಂತಮ್ಮ ಪಾಲಿನ ಅಕ್ಕಿ, ಬೇಳೆ ತರತೊಡಗಿದರು. ಇಬ್ಬರು ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ಕುಳಿತು ಬೇಯಿಸುತ್ತಾರೆ. ಮೂರು ಗಂಟೆಗೆ ಆಮೆನ್ ಎಂದ ಮೇಲೆ ಆ ಪಾತ್ರೆ ಆಟೋದಲ್ಲಿ ಜಿಲ್ಲಾಸ್ಪತ್ರೆಗೆ ಹೋಗುತ್ತದೆ. ರೋಗಿಗಳಿಗೆ ಆಸ್ಪತ್ರೆಯ ಊಟ ಇದೆ. ಜೊತೆಗೆ ಬಂದು ವರಾಂಡದಲ್ಲಿ ಮಲಗುವವರಿಗೆ ಇರುವುದಿಲ್ಲ. ಅವರಿಗೆ ರಾತ್ರಿಯ ಊಟ. ಯಾವ ಜಾತಿ, ಯಾವ ಧರ್ಮ ಎಂದು ಕೇಳುವುದಿಲ್ಲ. ಬ್ಯಾನರ್ ಇಲ್ಲ, ಫೋಟೋ ಇಲ್ಲ. ಅಡುಗೆಯ ಸರದಿ ಬಂದ ಇಬ್ಬರ ಕಷ್ಟ ನನಗೆ ಗೊತ್ತು. ಹಸಿದ ಹೊಟ್ಟೆಯಲ್ಲಿ ಬೇಳೆಗೆ ಒಗ್ಗರಣೆ ಹಾಕಬೇಕು. ಉಪ್ಪು ನೋಡಲೂ ನಾಲಿಗೆಗೆ ಹಾಕುವಂತಿಲ್ಲ. ಪರಿಮಳದಲ್ಲೇ ಅಂದಾಜು ಮಾಡಬೇಕು. ಹೋದ ಶುಕ್ರವಾರ ಆ ಸರದಿ ನನ್ನದಾಗಿತ್ತು.

ಅಜ್ಜಿಯ ಡಬ್ಬಿ ಈಗ ನನ್ನ ಅಡುಗೆಮನೆಯಲ್ಲಿದೆ. ಬಣ್ಣ ಹೋಗಿದೆ. ತಳದ ಒಂದು ಬದಿ ತುಕ್ಕು ಹಿಡಿದದ್ದಕ್ಕೆ ಒಳಗೆ ಬಟ್ಟೆ ಹಾಸಿದ್ದೇನೆ. ಮುಚ್ಚಳ ಮಾತ್ರ ಇನ್ನೂ ಅಷ್ಟೇ ಬಿಗಿ. ಭಾನುವಾರ ಖಾಲಿ ಮಾಡಿಕೊಟ್ಟು ಬಂದೆ. ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡುವ ಮೊದಲು ಒಂದು ಹಿಡಿ ಹಾಕಿದೆ. ತಳದಲ್ಲಿ ಬಟ್ಟೆ ಇರುವುದರಿಂದ ಮೊದಲಿನಷ್ಟು ಸದ್ದಾಗುವುದಿಲ್ಲ. ಈಸ್ಟರಿಗೆ ಇನ್ನೂ ನಾಲ್ಕು ವಾರ ಇದೆ.